‘ತೆಗಿ’ ಅನ್ನುವ ಮಾತು ಮಗುವಿನ ಕೈಗೆ ಬರುವುದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ 14 ತಿಂಗಳು. ಚೆಂಡು ಎಲ್ಲಿ, ಮೂಗು ಎಲ್ಲಿ ಅಂದರೆ ತಕ್ಷಣ ತೋರಿಸುತ್ತಾನೆ. ‘ತಳ್ಳು’, ‘ಎಸಿ’ ಅಂದರೆ ಮಾತ್ರ ಸುಮ್ನೆ ನನ್ನ ಮುಖ ನೋಡುತ್ತಾ ಕೂರುತ್ತಾನೆ. ಮೊನ್ನೆ ಒಂದು ವಿಡಿಯೊ ನೋಡಿದೆ. ಡಬ್ಬಿ ತಳ್ಳು ಅಂದ ಕೂಡಲೇ ರೋಬಾಟ್ ತಳ್ಳಿಬಿಟ್ಟಿತು! ಯಂತ್ರಕ್ಕೆ ಬಂದದ್ದು ನನ್ನ ಮಗನಿಗೆ ಯಾಕೆ ಬಂದಿಲ್ಲ? ಇಬ್ಬರೂ ಕಲಿಯುವ ರೀತಿ ಒಂದೇನಾ? – ಒಬ್ಬ ತಾಯಿ

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. 14 ತಿಂಗಳಿಗೆ ಇದು ಚಿಂತೆಯ ವಿಷಯವಲ್ಲ. ಹೆಸರು ಹಿಡಿದು ಕರೆದರೂ ತಿರುಗದಿದ್ದರೆ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ನಿಮ್ಮ ಮಗ ಮೂಗು ತೋರಿಸುತ್ತಾನೆ ಅಂದಮೇಲೆ ಅವನಿಗೆ ಮಾತು ಕೇಳಿಸುತ್ತಿದೆ, ತಲೆಗೂ ಹೋಗುತ್ತಿದೆ.

ಬಹಳ ಮಕ್ಕಳಿಗೆ ವಸ್ತುವಿನ ಹೆಸರು ಮೊದಲು ಬರುತ್ತದೆ, ಕೆಲಸದ ಮಾತು ಆಮೇಲೆ. ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 9 ತಿಂಗಳ ಕೂಸುಗಳೇ ಮೈಯ ಭಾಗಗಳ, ತಿನ್ನುವ ವಸ್ತುಗಳ ಹೆಸರು ಕೇಳಿ ಸರಿಯಾದ ಚಿತ್ರದ ಕಡೆ ಕಣ್ಣು ಹೊರಳಿಸಿದ್ದವು. ಚೆಂಡು ಕಣ್ಣ ಮುಂದೆ ಬಿದ್ದಿರುತ್ತದೆ, ಎಷ್ಟು ಹೊತ್ತು ಬೇಕಾದರೂ ನೋಡಬಹುದು. ‘ತಳ್ಳು’ ಎಲ್ಲಿದೆ, ಹೇಳಿ? ನೀವು ಹೇಳುವಾಗ ಅದು ಇನ್ನೂ ಹುಟ್ಟಿರುವುದಿಲ್ಲ. ಮಗು ತಿರುಗಿ ನೋಡುವಷ್ಟರಲ್ಲಿ ಮುಗಿದಿರುತ್ತದೆ. ಅದೂ ಅಲ್ಲದೆ, ಕೈ ಚಾಚಿದ್ದು ತಳ್ಳುವುದೋ, ಮುಟ್ಟಿದ್ದೋ, ಡಬ್ಬಿ ಜರುಗಿದ್ದೋ? ನಾವು ಯಾರೂ ಮಗುವಿಗೆ ಅದನ್ನು ಬಿಡಿಸಿ ಹೇಳುವುದಿಲ್ಲ, ಹೇಳಿದರೆ ಅದಕ್ಕೆ ತಿಳಿಯುವುದೂ ಇಲ್ಲ.

ನಾನು ಇದನ್ನು ಹತ್ತಿರದಿಂದ ಕಂಡದ್ದು ನನ್ನ ಮೊಮ್ಮಗಳಲ್ಲಿ. ಆಗ ಅವಳಿಗೆ ಒಂದೂವರೆ ವರ್ಷ. ಬಿಗಿ ಮುಚ್ಚಳದ ಒಂದು ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟು ‘ತೆಗಿ’ ಅನ್ನುವಳು. ತೆಗೆದುಕೊಟ್ಟರೆ ತಾನೇ ಮುಚ್ಚಿ ಮತ್ತೆ ‘ತೆಗಿ’. ಒಂದು ವಾರ ಆ ಮಾತು ಆ ಡಬ್ಬಿಗೇ ಅಂಟಿಕೊಂಡಿತ್ತು. ಬೇರೆ ಎಲ್ಲೂ ಅವಳು ಅದನ್ನು ಆಡಲಿಲ್ಲ. ಆಮೇಲೆ ಒಂದು ದಿನ ಬಾಗಿಲ ಹತ್ತಿರ ನಿಂತು ‘ತೆಗಿ’ ಅಂದಳು. ಸಂಜೆ ಕಾಲುಚೀಲ ಎಳೆಯುತ್ತಾ ‘ತೆಗಿ’. ಮುಚ್ಚಳ ತಿರುಗಿಸುವ ಕೈಗೂ, ಬಾಗಿಲು ಎಳೆಯುವ ಕೈಗೂ, ಕಾಲುಚೀಲ ಜಾರಿಸುವ ಕೈಗೂ ಏನು ಹೋಲಿಕೆ ಇದೆ? ಆದರೂ ಅವಳು ಮೂರನ್ನೂ ಒಂದೇ ಮಾತಿಗೆ ಸೇರಿಸಿದ್ದಳು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅವಳು ಮಾಡಿದ ತಪ್ಪು. ಕತ್ತಲಾಗಿದ್ದ ಕೋಣೆಯಲ್ಲಿ ಮೇಲೆ ಕೈ ತೋರಿಸಿ ‘ಲೈಟ್ ತೆಗಿ’ ಅಂದಳು. ನಾವು ‘ಲೈಟ್ ಹಾಕು’ ಅನ್ನುತ್ತೇವೆ. ಎಲ್ಲರೂ ನಕ್ಕರು, ನನಗೆ ಮಾತ್ರ ಮೈ ಜುಮ್ಮೆಂದಿತು. ಡಬ್ಬಿ ತೆಗೆದರೆ ಒಳಗಿದ್ದದ್ದು ಕಾಣುತ್ತದೆ, ಬಾಗಿಲು ತೆಗೆದರೆ ಆಚೆಗಿನದು ಕಾಣುತ್ತದೆ, ಕಾಲುಚೀಲ ತೆಗೆದರೆ ಕಾಲು ಕಾಣುತ್ತದೆ. ಹಾಗಾದರೆ ಕತ್ತಲನ್ನೂ ತೆಗೆಯಬೇಕು, ಅಲ್ವಾ? ಅವಳು ಮಾತನ್ನು ಕೈಯ ಚಲನೆಗೆ ಕಟ್ಟಿರಲಿಲ್ಲ, ಆಮೇಲೆ ಏನಾಗುತ್ತದೆ ಅನ್ನುವುದಕ್ಕೆ ಕಟ್ಟಿದ್ದಳು. ನಮ್ಮ ‘ಹಾಕು’ ನೋಡಿ, ಇನ್ನೂ ಕಷ್ಟದ್ದು. ಬಾಗಿಲು ಹಾಕಿದರೆ ಮುಚ್ಚುತ್ತದೆ, ಲೈಟ್ ಹಾಕಿದರೆ ಹೊತ್ತುತ್ತದೆ, ಅಂಗಿ ಹಾಕಿದರೆ ಮೈಮೇಲೆ ಬರುತ್ತದೆ. ಇಷ್ಟನ್ನೂ ಮಕ್ಕಳು ಶಾಲೆಗೆ ಹೋಗುವ ಮುಂಚೆಯೇ ಕಲಿತುಬಿಡುತ್ತಾರೆ.

ಈಗ ರೋಬಾಟಿಗೆ ಬರೋಣ. ನಿಮ್ಮ ಕೈಯಲ್ಲಿ ಅರ್ಥ ಗೊತ್ತಿಲ್ಲದ ಭಾಷೆಯ ನಿಘಂಟು ಮಾತ್ರ ಇದೆ ಅಂದುಕೊಳ್ಳಿ. ಒಂದು ಪದ ಹುಡುಕಿದರೆ ಅದೇ ಭಾಷೆಯ ಇನ್ನೊಂದು ಪದ ಸಿಗುತ್ತದೆ, ಅದನ್ನು ಹುಡುಕಿದರೆ ಮತ್ತೊಂದು. ಎಷ್ಟು ಸುತ್ತಿದರೂ ಪದಗಳಿಂದ ಹೊರಗೆ ಕಾಲಿಡಲು ಆಗುವುದಿಲ್ಲ. ಬರೀ ಪದಗಳನ್ನು ತುಂಬಿದ ಯಂತ್ರದ ಪಾಡೂ ಇದೇ. ಈ ತೊಡಕನ್ನು ಅರಿವಿನ ವಿಜ್ಞಾನಿ ಸ್ಟೀವನ್ ಹಾರ್ನಾಡ್ 1990ರಲ್ಲೇ ಎತ್ತಿ ತೋರಿಸಿದ್ದರು. ಹೊರಗೆ ಬರಲು ಕಣ್ಣೂ ಕೈಯೂ ಬೇಕು.

ಯೂಯಾ ಸುಗಿತಾ ಮತ್ತು ಜುನ್ ತಾನಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾಮೆರಾ ಮತ್ತು ಕೈ ಇದ್ದ ಪುಟ್ಟ ರೋಬಾಟಿಗೆ ಎರಡೆರಡು ಪದದ ಮಾತುಗಳನ್ನು, ಅದರ ಜೊತೆಗೇ ಕೆಲಸವನ್ನು ಕಲಿಸಿದರು. ಕೆಂಪನ್ನು ತಳ್ಳು, ನೀಲಿಯನ್ನು ಹೊಡೆ, ಈ ಥರ. ಕೆಲವು ಜೋಡಿಗಳನ್ನು ಬೇಕೆಂದೇ ಬಿಟ್ಟಿದ್ದರು. ಕಲಿಸದ ಆ ಜೋಡಿಗಳನ್ನು ಹೇಳಿದಾಗಲೂ ರೋಬಾಟ್ ಸರಿಯಾಗಿ ಮಾಡಿತು. ಕೆಂಪನ್ನೂ ತಳ್ಳಿ, ಬೇರೆ ಬಣ್ಣವನ್ನೂ ತಳ್ಳಿ, ಕೆಂಪನ್ನೇ ಹೊಡೆದಾಗ ‘ತಳ್ಳು’ ಅನ್ನುವುದು ಬಣ್ಣದಿಂದ ಕಳಚಿಕೊಂಡಿತು. ನನ್ನ ಮೊಮ್ಮಗಳ ‘ತೆಗಿ’ ಡಬ್ಬಿಯಿಂದ ಕಳಚಿಕೊಂಡಿತಲ್ಲ, ಹಾಗೆಯೇ. ಈ ಮಟ್ಟಿಗೆ ಇಬ್ಬರ ದಾರಿಯೂ ಒಂದೇ ಅನ್ನಬಲ್ಲೆ.

ಇನ್ನೊಂದು ಸೋಜಿಗ ಹೇಳುತ್ತೇನೆ. ಇಟಲಿಯಲ್ಲಿ ಮಾಡಿದ ಐಕಬ್ ಅನ್ನುವ ರೋಬಾಟ್ ಸುಮಾರು ಒಂದು ಮೀಟರ್ ಎತ್ತರದ ಮಗುವಿನ ಹಾಗಿದೆ. ಆಂಥನಿ ಮೋರ್ಸ್, ಲಿಂಡಾ ಸ್ಮಿತ್ ಮತ್ತಿತರರು 2015ರಲ್ಲಿ ಅದನ್ನೂ ಪುಟ್ಟ ಮಕ್ಕಳನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದು ಆಟಿಕೆ ಯಾವಾಗಲೂ ಎಡಕ್ಕೆ, ಇನ್ನೊಂದು ಬಲಕ್ಕೆ. ಆಮೇಲೆ ಎರಡನ್ನೂ ತೆಗೆದು, ಖಾಲಿ ಜಾಗದ ಕಡೆ ಗಮನ ಸೆಳೆದು ಹೊಸ ಹೆಸರು ಹೇಳಿದರು. ಆ ಹೆಸರು ಅಲ್ಲಿ ಮೊದಲು ಇದ್ದ ಆಟಿಕೆಗೆ ಸೇರಿತು. ಆದರೆ ಕೂತಿದ್ದ ಮಗುವನ್ನು ನಡುವೆ ಎಬ್ಬಿಸಿ ನಿಲ್ಲಿಸಿದಾಗ, ಕೊಂಡಿ ತಪ್ಪಿತು. ರೋಬಾಟಿನಲ್ಲೂ ಹಾಗೆಯೇ ಆಯಿತು. ಮೈ ಇರುವ ಭಂಗಿಯೂ ಪದದ ಜೊತೆ ಕಲಿಕೆಯಲ್ಲಿ ಸೇರಿರುತ್ತದೆ.

ಹಾಗಾದರೆ ವಿಡಿಯೊದ ರೋಬಾಟ್? ಅದರ ಹಿಂದಿನ ಶ್ರಮ ನಿಮಗೆ ಕಾಣಲಿಲ್ಲ. ಗೂಗಲ್ 2022ರ ಕೊನೆಯಲ್ಲಿ ತೋರಿಸಿದ, ರೋಬಾಟುಗಳನ್ನು ನಡೆಸುವ ತಂತ್ರಾಂಶ ಆರ್‌ಟಿ-1 ಅನ್ನೇ ತೆಗೆದುಕೊಳ್ಳಿ. 13 ರೋಬಾಟುಗಳು, 17 ತಿಂಗಳು, ಸುಮಾರು 1,30,000 ಸಲ ಜನರೇ ನಡೆಸಿ ಮಾಡಿ ತೋರಿಸಿದ ಕೆಲಸ. ಅದರಿಂದ ಬಂದದ್ದು 700ಕ್ಕೂ ಹೆಚ್ಚು ಆಜ್ಞೆಗಳು. 17 ತಿಂಗಳು ಅಂದರೆ ನಿಮ್ಮ ಮಗನ ವಯಸ್ಸಿಗಿಂತ ಮೂರು ತಿಂಗಳು ಜಾಸ್ತಿ. ಅಷ್ಟೂ ದಿನ ಆ ಯಂತ್ರಗಳಿಗೆ ಡಬ್ಬಿಯೊಳಗೆ ಏನಿದೆ ಅಂತ ನೋಡುವ ಆಸೆ ಒಮ್ಮೆಯೂ ಆಗಿರಲಿಲ್ಲ. ನನ್ನ ಮೊಮ್ಮಗಳು ‘ತೆಗಿ’ ಕಲಿತದ್ದೇ ಆ ಆಸೆಗೆ. ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ ಅಂತ ನನ್ನ ನಂಬಿಕೆ.

ನೀವು ಮಾಡಬಹುದಾದದ್ದು ಸುಲಭ. ‘ತಳ್ಳು’ ಅಂತ ಪರೀಕ್ಷೆ ಮಾಡಬೇಡಿ. ಅವನು ಕುರ್ಚಿ ತಳ್ಳಲು ಕೈ ಇಡುತ್ತಾನಲ್ಲ, ಆ ಕ್ಷಣಕ್ಕೆ ಸರಿಯಾಗಿ ‘ತಳ್ತೀಯಾ? ತಳ್ಳು!’ ಅನ್ನಿ. ಮೈಕೆಲ್ ಟೊಮಸೆಲೊ ಮತ್ತು ಆ್ಯನ್ ಕ್ರೂಗರ್ 1992ರಲ್ಲಿ ಕಂಡುಕೊಂಡದ್ದು ಇದನ್ನೇ. ಕೆಲಸ ನಡೆಯುತ್ತಿರುವಾಗ ಹೇಳಿದ ಮಾತಿಗಿಂತ, ಇನ್ನೇನು ನಡೆಯಬೇಕು ಅನ್ನುವಾಗ ಹೇಳಿದ ಮಾತನ್ನು ಮಕ್ಕಳು ಚೆನ್ನಾಗಿ ಹಿಡಿಯುತ್ತಾರೆ. ಇವತ್ತು ಕುರ್ಚಿ, ನಾಳೆ ಚೆಂಡು, ನಾಡಿದ್ದು ಬಾಗಿಲು. ಮಾತು ಅದೇ ಇರಲಿ.

ಪ್ರಶ್ನೆ: ಕ್ರಿಯಾಪದ ಕಲಿಸುವ ವಿಡಿಯೊ ಹಾಕಿಕೊಟ್ಟರೆ ಎರಡು ವರ್ಷದ ಮಗು ಕಲಿಯುವುದಿಲ್ಲವೇ? – ಒಬ್ಬ ತಂದೆ

ಉತ್ತರ: ಸುಮ್ನೆ ಓಡುವ ವಿಡಿಯೊದಿಂದ ಕಷ್ಟ. ಸಾರಾ ರೋಸ್‌ಬೆರಿ ಮತ್ತು ಜೊತೆಗಾರರು 24ರಿಂದ 30 ತಿಂಗಳ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಮೂರು ರೀತಿ ಕಲಿಸಿ ನೋಡಿ, 2014ರಲ್ಲಿ ಪ್ರಕಟಿಸಿದರು. ಎದುರಿಗೆ ಕೂತು ಕಲಿಸಿದಾಗ ಕಲಿತರು. ವಿಡಿಯೊ ಕರೆಯಲ್ಲೂ ಕಲಿತರು. ಮೊದಲೇ ರೆಕಾರ್ಡ್ ಮಾಡಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ವಿಡಿಯೊ ಕರೆಯಲ್ಲಿ ಮಗು ನಕ್ಕರೆ ಆಚೆಯವರೂ ನಗುತ್ತಾರೆ, ಅದು ಬೇರೆ ಕಡೆ ನೋಡಿದರೆ ತಡೆದು ಕಾಯುತ್ತಾರೆ. ದೂರದಲ್ಲಿರುವ ಅಜ್ಜಿ ತಾತ ಇದ್ದರೆ ಫೋನಿನಲ್ಲಿ ಮುಖ ತೋರಿಸಿ ಮಾತಾಡಿಸಿ. ಅವರು ‘ಟೋಪಿ ತೆಗಿ’ ಅನ್ನಲಿ, ಮಗು ತೆಗೆಯುವವರೆಗೆ ಕಾಯಲಿ.