ಇರ್ನ್‌ಹ್ಯಾಮ್‌ಗೂ ಲಟ್ರೆಲ್ ಸಾಲ್ಟರ್‌ಗೂ ಏನು ನಂಟು?

ನೀವು ಕೇಳಿದ್ದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ಇರ್ನ್‌ಹ್ಯಾಮ್ ಹಳ್ಳಿಗೆ ಹೋದರೆ ಲಟ್ರೆಲ್ ಸಾಲ್ಟರ್ ಅನ್ನೋ ಹಳೇ ಕೈಬರಹದ ಚಿತ್ರಪುಸ್ತಕ ನೋಡೋಕೆ ಸಿಗುತ್ತಾ ಅಂತ ಅಲ್ವಾ? ಇಲ್ಲ, ಸಿಗಲ್ಲ. ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, 1929ರಲ್ಲಿ ಬ್ರಿಟಿಷ್ ಮ್ಯೂಸಿಯಂ 31,500 ಪೌಂಡ್ ಕೊಟ್ಟು ಕೊಂಡದ್ದು.

ಊರಿನ ನಂಟು ಇರುವುದು ದುಡ್ಡು ಕೊಟ್ಟು ಮಾಡಿಸಿದವನ ಮೂಲಕ. ಸರ್ ಜೆಫ್ರಿ ಲಟ್ರೆಲ್ ಇರ್ನ್‌ಹ್ಯಾಮ್‌ನ ಜಮೀನ್ದಾರ. ಪ್ರಾರ್ಥನಾ ಗೀತೆಗಳ ಈ ಚರ್ಮದ ಹಾಳೆಗಳ ಪುಸ್ತಕವನ್ನು 1320-1340ರ ಸುಮಾರಿಗೆ ಬರೆಸಿದ. ಒಂದು ಪುಟದಲ್ಲಿ ಅವನೇ ಕುದುರೆ ಮೇಲೆ ಕೂತಿದ್ದಾನೆ, ಹೆಂಡತಿ ಶಿರಸ್ತ್ರಾಣ ಕೊಡುತ್ತಿದ್ದಾಳೆ, ಸೊಸೆ ಗುರಾಣಿ ಹಿಡಿದು ನಿಂತಿದ್ದಾಳೆ (ದೊಡ್ಡಸ್ತಿಕೆ ತೋರಿಸೋಕೆ ಇನ್ನೇನು ಬೇಕು!).

ಆದರೆ ನನಗೆ ಜಾಸ್ತಿ ಇಷ್ಟ ಪುಟದ ಅಂಚಿನ ಚಿತ್ರಗಳು. ನಾಲ್ಕು ಎತ್ತು ಕಟ್ಟಿ ಉಳುವವರು, ಬಿತ್ತುವವನ ಹಿಂದೆ ಬೀಜದ ಚೀಲಕ್ಕೆ ಬಾಯಿ ಹಾಕಿದ ಕಾಗೆ, ಇನ್ನೊಂದು ಕಾಗೆಯನ್ನು ಅಟ್ಟಿಸಿಕೊಂಡು ಓಡುವ ನಾಯಿ, ಕೊಯ್ಲಿನ ನಡುವೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳುವ ಹೆಂಗಸು. ಹಾಗಂತ ಇದನ್ನು ಆ ಊರಿನ ಫೋಟೊ ಅಂದುಕೊಳ್ಳಬೇಡಿ, ಒಡೆಯನಿಗೆ ಇಷ್ಟವಾಗುವ ಹಾಗೆ ಬರೆದ ಚಿತ್ರ, ಬಟ್ಟೆ ಎಲ್ಲ ಸ್ವಲ್ಪ ಅಂದವಾಗೇ ಇದೆ.

ಊರಿಗೆ ಹೋಗೋದಾದರೆ ಸೇಂಟ್ ಆಂಡ್ರೂ ಚರ್ಚ್ ನೋಡಿ. 1345ರಲ್ಲಿ ತೀರಿಕೊಂಡ ಜೆಫ್ರಿ, ತನ್ನನ್ನು ಅಲ್ಲೇ ಹೂಳಬೇಕು ಅಂತ ಉಯಿಲಿನಲ್ಲಿ ಬರೆಸಿದ್ದ.