ಮಿಲಾನ್‌ನಿಂದ ಒಂದೇ ದಿನದಲ್ಲಿ ವರೆನ್ನಾ, ಬೆಲ್ಲಾಜೊ, ಕೋಮೋ ಮೂರೂ ನೋಡಿ ಬರಬಹುದಾ?

ನೀವು ಮಿಲಾನ್‌ನಲ್ಲಿ ಓದ್ತಾ ಇದ್ದೀರಿ, ಒಂದು ಶನಿವಾರ ಬಿಡುವಿದೆ, ಕೋಮೋ ಸರೋವರದ ಮೂರೂ ಊರು ನೋಡಬೇಕು, ಖರ್ಚು ಕಮ್ಮಿ ಇರಬೇಕು ಅಂತ ಕೇಳಿದ್ದೀರಿ. ನಾನೂ ಅಲ್ಲೇ ಎರಡು ವರ್ಷ ಓದಿದವನು. ಮೂರೂ ಊರಿಗೆ ಹೋಗಿ ಬರಬಹುದು, ಆದರೆ ಹಾಗೆ ಮಾಡಬೇಡಿ. ವರೆನ್ನಾ ಮತ್ತು ಬೆಲ್ಲಾಜೊ ಒಂದು ದಿನ ನೋಡಿ. ಕೋಮೋ ಊರಿಗೆ ಬೇರೆ ದಿನ ಇಡಿ.

ಬೆಳಿಗ್ಗೆ ಮಿಲಾನೊ ಚೆಂತ್ರಾಲೆ ಸ್ಟೇಷನ್ನಿನಿಂದ ಹೊರಡಿ. ಬೋರ್ಡಿನಲ್ಲಿ ವರೆನ್ನಾ ಅಂತ ಹುಡುಕಬೇಡಿ, ಟ್ರೈನ್ ಕೊನೆಗೆ ಹೋಗಿ ನಿಲ್ಲುವ ತಿರಾನೊ ಹೆಸರು ಇರುತ್ತದೆ. ಸುಮಾರು ಒಂದು ಗಂಟೆ ಹತ್ತು ನಿಮಿಷದ ದಾರಿ, ಒಂದು ಕಡೆಗೆ 7-8 ಯೂರೋ. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಅಲ್ಲಿನ ಮಷೀನಿನಲ್ಲಿ ಮುದ್ರೆ ಹಾಕಿಸಿಕೊಳ್ಳಿ, ಮರೆತರೆ ದಂಡ ಬೀಳುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ. ಲೆಕ್ಕೊ ದಾಟಿದ ಮೇಲೆ ಸುರಂಗ, ನೀರು, ಮತ್ತೆ ಸುರಂಗ, ಮತ್ತೆ ನೀರು.

ವರೆನ್ನಾ ಪುಟ್ಟ ಊರು. ನೀರಿನಿಂದ ಮೇಲಕ್ಕೆ ಕಲ್ಲು ಮೆಟ್ಟಿಲ ಓಣಿಗಳು, ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಇಲ್ಲಿ ದುಡ್ಡು ಕೊಟ್ಟು ನೋಡುವುದಾದರೆ ವಿಲ್ಲಾ ಮೊನಸ್ತೇರೊ ನೋಡಿ. ಹಿಂದೆ ಅದು ಸನ್ಯಾಸಿನಿಯರ ಮಠ. 1953ರಿಂದ ಇಟಲಿಯ ಭೌತಶಾಸ್ತ್ರ ಸಂಘ ಅಲ್ಲಿ ಬೇಸಿಗೆ ಶಾಲೆ ನಡೆಸುತ್ತಿದೆ. 1954ರ ಬೇಸಿಗೆಯಲ್ಲಿ ಹೆಸರಾಂತ ಭೌತವಿಜ್ಞಾನಿ ಎನ್ರಿಕೊ ಫೆರ್ಮಿ ಇಲ್ಲಿಗೆ ಬಂದು ಪಾಠ ಮಾಡಿದರು, ಅದೇ ನವೆಂಬರ್‌ನಲ್ಲಿ ತೀರಿಕೊಂಡರು. ಆಮೇಲೆ ಶಾಲೆಗೆ ಅವರ ಹೆಸರೇ ಇಟ್ಟರು. ಅಲ್ಲಿ ನಾನು ಸುಮ್ನೆ ಹತ್ತು ನಿಮಿಷ ನಿಂತಿದ್ದೆ.

ಅಲ್ಲಿಂದ ಬೆಲ್ಲಾಜೊಗೆ ದೋಣಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಅಷ್ಟೇ. ಬೆಲ್ಲಾಜೊದ ಮೆಟ್ಟಿಲ ಬೀದಿಗಳಲ್ಲಿ ಜನ ಜಾಸ್ತಿ, ಹೋಟೆಲ್ ದುಬಾರಿ. ಡಬ್ಬಿ ಕಟ್ಟಿಕೊಂಡು ಹೋಗಿ. ಊರಿನ ತುದಿಯಲ್ಲಿ ಪುಂತಾ ಸ್ಪಾರ್ತಿವೆಂತೊ ಅಂತ ಜಾಗ ಇದೆ, ಗಾಳಿ ಕವಲೊಡೆಯುವ ಮೂಲೆ ಅಂತ ಅರ್ಥ. ಸರೋವರ ಮೂರು ದಿಕ್ಕಿಗೆ ಚಾಚಿಕೊಳ್ಳುವುದು ಅಲ್ಲೇ. ಬೆಳಿಗ್ಗೆ ಉತ್ತರದಿಂದ ಬೀಸುವ ಗಾಳಿಗೆ ತಿವಾನೊ ಅಂತಾರೆ, ಮಧ್ಯಾಹ್ನ ದಕ್ಷಿಣದಿಂದ ಬರುವುದಕ್ಕೆ ಬ್ರೇವಾ. ನಾವು ಚಿತ್ರಾನ್ನದ ಡಬ್ಬಿ ತೆಗೆಯುವ ಹೊತ್ತಿಗೆ ಬ್ರೇವಾ ಶುರುವಾಗಿತ್ತು. ಕನ್ನಡಿಯ ಹಾಗಿದ್ದ ನೀರು ಹತ್ತೇ ನಿಮಿಷದಲ್ಲಿ ಸುಕ್ಕುಸುಕ್ಕಾಯಿತು.

ಈಗ ಕೋಮೋ ಯಾಕೆ ಬೇರೆ ದಿನ ಅಂತ ಹೇಳ್ತೀನಿ. ಮೊದಲ ಸಲ ನಾನೂ ಮೂರಕ್ಕೂ ಕೈ ಹಾಕಿದೆ. ಬೆಲ್ಲಾಜೊದಿಂದ ಕೋಮೋಗೆ ಬಸ್ಸಿನಲ್ಲೇ ಒಂದು ಗಂಟೆಗಿಂತ ಜಾಸ್ತಿ ಬೇಕು, ನಿಧಾನದ ದೋಣಿ ಸುಮಾರು ಎರಡು ಗಂಟೆ ತೆಗೆದುಕೊಳ್ಳುತ್ತದೆ. ನಾನು ತಲುಪಿದಾಗ ರೇಷ್ಮೆ ಮ್ಯೂಸಿಯಂ ಬಾಗಿಲು ಹಾಕಿತ್ತು. ನಾನು ಬಂದಿದ್ದೇ ಅದಕ್ಕೆ. ನಮ್ಮದು ಶಿಡ್ಲಘಟ್ಟ. ಹುಳ ಸಾಕಿ, ಗೂಡು ಮಾರಿ ಬಂದ ದುಡ್ಡಿನಲ್ಲೇ ಅಪ್ಪ ನನ್ನನ್ನು ಓದಿಸಿದ್ದು.

ಎರಡು ವಾರ ಬಿಟ್ಟು ಮತ್ತೆ ಹೋದೆ. ಹೊರಗೆ ಬರುವಾಗ ಎರಡೂವರೆ ಗಂಟೆ ಕಳೆದಿತ್ತು. ಮೊದಲು ಹುಳ ಸಾಕುವ ತಟ್ಟೆಗಳು, ಒಂದರ ಮೇಲೊಂದು, ನಮ್ಮ ಹುಳದ ಮನೆಯ ಸ್ಟ್ಯಾಂಡಿನ ಹಾಗೇ. ಹಣ್ಣಾದ ಹುಳ ಗೂಡು ಕಟ್ಟಲು ನಮ್ಮಲ್ಲಿ ಬಿದಿರಿನ ಚಂದ್ರಿಕೆ, ಇಲ್ಲಿ ಹಿಂದೆ ಒಣಕಡ್ಡಿಯ ಕಟ್ಟುಗಳನ್ನು ಇಡುತ್ತಿದ್ದರಂತೆ. ಆಮೇಲೆ ನೂಲಿಗೆ ಹುರಿ ಹಾಕುವ ಮರದ ದುಂಡು ಯಂತ್ರ, ಮಗ್ಗ, ಬಣ್ಣ, ಅಚ್ಚು. ಇಲ್ಲದಿದ್ದದ್ದು ವಾಸನೆ ಒಂದೇ. ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರ್ ಪಕ್ಕ ಬೆಳೆದವರಿಗೆ ಬೆಂದ ಗೂಡಿನ ಆ ಘಾಟು ಗೊತ್ತಿರುತ್ತದೆ, ಅಲ್ವಾ? ಅದಿಲ್ಲದೆ ಎಲ್ಲ ಏನೋ ತೀರಾ ಚೊಕ್ಕಟ ಅನ್ನಿಸಿತು.

ಅಲ್ಲಿಂದಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ಆ ತಟ್ಟೆಗಳನ್ನು ತೋರಿಸಿದೆ. ಅವರ ಮೊದಲ ಮಾತು, “ಸೊಪ್ಪು ಎಲ್ಲಿಂದ ತರ್ತಿದ್ರಂತೆ?” ಸೊಪ್ಪು ಇಲ್ಲೇ ಬೆಳೆಯುತ್ತಿತ್ತು. 15ನೇ ಶತಮಾನದಲ್ಲಿ ಮಿಲಾನ್ ಆಳಿದ ಲುದೊವಿಕೊ ಸ್ಫೋರ್ಜಾ ಈ ಸೀಮೆಯಲ್ಲಿ ಹಿಪ್ಪುನೇರಳೆ ಹಾಕಿಸಲು ಒತ್ತು ಕೊಟ್ಟ. ರೈತರ ಮನೆಗಳಲ್ಲಿ ಹುಳ ಸಾಕುವುದು ಎರಡನೇ ಮಹಾಯುದ್ಧದ ಆಮೇಲೆ ಕ್ರಮೇಣ ನಿಂತುಹೋಯಿತು. ಈಗ ಕೋಮೋದವರು ನೂಲನ್ನು ಹೆಚ್ಚಾಗಿ ಚೀನಾದಿಂದ ತರಿಸಿ ನೇಯ್ದು, ಬಣ್ಣ ಹಾಕಿ, ಅಚ್ಚು ಒತ್ತುತ್ತಾರೆ. ಅದನ್ನು ಹೇಳಿದಾಗ ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹುಳ ಸಾಕೋರೇ ಇಲ್ವಾ ಹಂಗಾದ್ರೆ?” ಅಂದರು.

ಚೆಂತ್ರಾಲೆಯಿಂದ ಕೋಮೋ ಸಾನ್ ಜೊವಾನ್ನಿ ಸ್ಟೇಷನ್ನಿಗೆ ಟ್ರೈನಿನಲ್ಲಿ ನಲವತ್ತು ನಿಮಿಷದಷ್ಟು ದಾರಿ. ಅರ್ಧ ದಿನ ಬಿಡುವಿದ್ದರೂ ಸಾಕು. ಸೋಮವಾರ ಮಾತ್ರ ಹೋಗಬೇಡಿ, ಮ್ಯೂಸಿಯಂ ರಜ.