ದುಡ್ಡೇ ಹಾಕದೆ, ಬರೀ ರದ್ದಿಯಲ್ಲಿ ಮಾಡೆಲ್ ರೈಲ್ವೆ ಕಟ್ಟಬಹುದಾ? ಏನೇನು ಕೂಡಿಡಲಿ?

ಹಳಿ, ಎಂಜಿನ್ ಎರಡಕ್ಕೆ ದುಡ್ಡು ಹಾಕಲೇಬೇಕು. ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ಪುಕ್ಕಟೆ ಆಗುತ್ತೆ. ನನ್ನದೂ ಇದೇ ಹಟವಾಗಿತ್ತು, ಅದಕ್ಕೇ ಹೇಳ್ತಿದ್ದೀನಿ.

ನಮ್ಮದು ಚಿಕ್ಕಬಳ್ಳಾಪುರ. ಇಲ್ಲಿಂದ ಕೋಲಾರಕ್ಕೆ ಅಗಲ ಹಳಿಯ ಬ್ರಾಡ್‌ಗೇಜ್ ಬಂದಿದ್ದು 2013ರಲ್ಲಿ. ಅದಕ್ಕೂ ಮುಂಚೆ ಈ ಕಡೆ ಇದ್ದ ಕಿರಿದಾದ ಹಳಿಯ ನ್ಯಾರೋಗೇಜ್ ಲೈನನ್ನು, ಅದರಲ್ಲೂ ಯಲಹಂಕದ ಕಡೆಗಿರುವ ನಂದಿ ಹಾಲ್ಟ್ ಸ್ಟೇಷನ್ನನ್ನು, ಮಹಡಿ ಕೋಣೆಯಲ್ಲಿ ಕಟ್ಟಬೇಕು ಅಂತ ನನಗೆ ಆಸೆ. ಆ ಹಳಿಗಳ ನಡುವಿನ ಅಂತರ 762 ಮಿ.ಮೀ. ಎಚ್‌ಒ ಸ್ಕೇಲಿಗೆ, ಅಂದರೆ 87ರಲ್ಲಿ ಒಂದು ಭಾಗಕ್ಕೆ ಇಳಿಸಿದರೆ 8.8 ಮಿ.ಮೀ. ಆಗುತ್ತೆ. ಇನ್ನೂ ಚಿಕ್ಕ ಮಾದರಿಗಳ ಅಳತೆಯಾದ ಎನ್ ಸ್ಕೇಲಿನಲ್ಲಿ ಹಳಿಗಳ ಅಂತರ 9 ಮಿ.ಮೀ. ಇರುತ್ತಲ್ಲ, ಅದೇ ಸರಿಹೋಯ್ತು. ಸೆಕೆಂಡ್ ಹ್ಯಾಂಡ್ ಎನ್ ಸ್ಕೇಲ್ ಎಂಜಿನ್ ಒಂದನ್ನು ಹಬ್ಬದ ಬೋನಸ್ಸಿನಲ್ಲಿ ತಗೊಂಡು, ಅದರ ಮೇಲ್ಕವಚ ತೆಗೆದು, ಮದುವೆ ಕಾರ್ಡಿನ ರಟ್ಟಿನಲ್ಲಿ ಹೊಸ ಬಾಡಿ ಮಾಡಿದೆ.

ಕೆಟ್ಟಿದ್ದು ಹಳಿಯಡಿ ಹಾಸುವ ಜಲ್ಲಿಯಲ್ಲಿ. ಮಳೆ ಬಂದು ನಿಂತ ಮೇಲೆ ಮೋರಿ ಪಕ್ಕ ಮರಳು ಸಣ್ಣಗೆ, ತೊಳೆದಿಟ್ಟ ಹಾಗೆ ಬಿದ್ದಿರುತ್ತೆ, ನೋಡಿರ್ತೀರಿ. ಅದನ್ನೇ ತಂದು ಒಣಗಿಸಿ, ಜರಡಿ ಹಿಡಿದು ಹಳಿಗೆ ಹಾಕಿದೆ. ಆ ಮರಳಿನ ನಡುವೆ ಕಪ್ಪು ಗೆರೆಗಳಿರುತ್ತವೆ. ಅದು ಕೊಳೆಯಲ್ಲ, ಮ್ಯಾಗ್ನೆಟೈಟ್, ಕಬ್ಬಿಣದ ಅದಿರಿನ ಕಣ. ನಮ್ಮ ಕಡೆಯ ಗ್ರಾನೈಟ್ ಬಂಡೆ ಸವೆದಾಗ ಭಾರದ ಕಣಗಳು ಹೀಗೆ ಒಂದೆಡೆ ಕೂಡಿಕೊಳ್ಳುತ್ತವೆ. ಎಂಜಿನ್ ಮೋಟಾರಿನೊಳಗೆ ಕಾಯಂ ಅಯಸ್ಕಾಂತ ಇದೆ, ಅದು ಹಳಿಗೆ ತೀರಾ ಹತ್ತಿರ. ಓಡಿದಾಗೆಲ್ಲ ಒಂದೊಂದೇ ಕಣ ಎಳೆದುಕೊಂಡಿದೆ. ಕೆಲವು ಮೋಟಾರಿನ ತಿರುಗುವ ಭಾಗವಾದ ರೋಟರಿಗೂ ಅಯಸ್ಕಾಂತಕ್ಕೂ ನಡುವಿನ ಸಂದಿಗೆ ಹೋದವು, ಕೆಲವು ಗೇರಿನ ಗ್ರೀಸಿಗೆ ಅಂಟಿದವು. ಗ್ರೀಸಿನಲ್ಲಿ ಸೇರಿದ ಮರಳು ಪ್ಲಾಸ್ಟಿಕ್ ಹಲ್ಲನ್ನು ಉಜ್ಜುಕಾಗದದ ಹಾಗೆ ತಿಂದುಬಿಡುತ್ತೆ. ಮೊದಲು ಕಿರ್ ಅನ್ನೋ ಸದ್ದು ಬಂತು. ನಾನು ಎಣ್ಣೆ ಬಿಟ್ಟೆ. ಬಿಡಬಾರದಿತ್ತು, ಎಣ್ಣೆ ಕಣಗಳನ್ನು ಇನ್ನೂ ಒಳಕ್ಕೆ ಒಯ್ದಿತು. ಬಿಚ್ಚಿ ನೋಡುವಷ್ಟರಲ್ಲಿ ಹಲ್ಲು ಸವೆದುಹೋಗಿತ್ತು, ಆ ಗೇರು ಬಿಡಿಯಾಗಿ ಎಲ್ಲೂ ಸಿಗಲಿಲ್ಲ.

ಪುಕ್ಕಟೆ ಮರಳಿಗೆ ಒಂದು ಎಂಜಿನ್ ಹೋಯ್ತು.

ಆದ್ದರಿಂದ ಜಲ್ಲಿಗೆ ಕಲ್ಲು ಒಡೆಯುವ ಕ್ರಷರಿನಿಂದ ಪುಡಿ ತನ್ನಿ, ಕೇಳಿದರೆ ಒಂದು ಚೀಲ ಸುಮ್ಮನೇ ಕೊಡ್ತಾರೆ. ಅದನ್ನೂ ನಂಬಬೇಡಿ. ತೊಳೆಯಿರಿ, ಒಣಗಿಸಿ, ಪೇಪರಿನ ಮೇಲೆ ತೆಳ್ಳಗೆ ಹರಡಿ. ಕೆಟ್ಟ ಸ್ಪೀಕರಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿ ಮೇಲೆ ಆಡಿಸಿ. ಕವರ್ ಎಳೆದರೆ ಹಿಡಿದ ಕಣ ಉದುರುತ್ತೆ. ಏನೂ ಅಂಟದವರೆಗೂ ಮಾಡಿ. ನಿಜವಾದ 50 ಮಿ.ಮೀ. ಜಲ್ಲಿ ಈ ಅಳತೆಯಲ್ಲಿ ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ ಅಷ್ಟೇ, ಅದಕ್ಕೆ ಟೀ ಸೋಸುವ ಜಾಲರಿಯಲ್ಲಿ ಇಳಿದದ್ದನ್ನು ಇಟ್ಟುಕೊಂಡು ಹಿಟ್ಟಿನಂಥ ದೂಳನ್ನು ಬಿಸಾಡಿ. ಅಂಟಿಸಲು ನೀರು ಬೆರೆಸಿದ ಫೆವಿಕಾಲ್, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಸಿರಿಂಜ್ ಸಾಕು.

ಏನೇನು ಕೂಡಿಡಲಿ ಅಂತ ಕೇಳಿದ್ದೀರಿ. ಈಗಲೇ ಏನೂ ಕೂಡಿಡಬೇಡಿ. ಅದು ತಲೆಕೆಳಗಾದ ದಾರಿ. ಮೊದಲು ಒಂದು ಸ್ಟೇಷನ್ ಆರಿಸಿ, ಅಲ್ಲಿಗೆ ಹೋಗಿ ಅಳತೆ ತಗೊಳ್ಳಿ, ಆಮೇಲೆ ಆ ಅಳತೆಗೆ ಹೊಂದುವ ರದ್ದಿ ಹುಡುಕಿ. ಹಂಚಿನ ಮಾಡಿಗೆ ದೊಡ್ಡ ಕಾರ್ಟನ್ ರಟ್ಟು ಯಾವತ್ತೂ ಸರಿ ಕಾಣಲ್ಲ, ಅದರ ಅಲೆ ತೀರಾ ಅಗಲ. ಮೇಲಿನ ಕಾಗದ ಸುಲಿದರೆ ಸುಮಾರು 3 ಮಿ.ಮೀ. ಅಲೆ ಕಾಣುವ ತೆಳು ರಟ್ಟಿನ ಡಬ್ಬಿ ಬೇಕು. ಈ ಸ್ಕೇಲಿನಲ್ಲಿ ಅದು ಮಂಗಳೂರು ಹಂಚಿನ ಅಗಲಕ್ಕೆ ತುಂಬ ಹತ್ತಿರ. ಬೆಟ್ಟಕ್ಕೆ ಥರ್ಮಾಕೋಲ್ ಆಗುತ್ತೆ, ಆದರೆ ಚಪ್ಪಲಿ ಅಂಟಿಸುವ ಗಮ್ ಹಚ್ಚಿದರೆ ಕರಗಿಹೋಗುತ್ತೆ, ಫೆವಿಕಾಲ್ ಮಾತ್ರ ಹಚ್ಚಿ.

ಮಾದರಿಯ ಮರಗಳಿಗಾದರೆ, ರೇಷ್ಮೆಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ರೇಷ್ಮೆ ಸಾಕುವವರ ಮನೆಯಲ್ಲಿ ಕೇಳಿ. ಕಾಂಡಕ್ಕೆ ಚೆನ್ನ, ಆದರೆ ಕೊಂಬೆ ಕಡಿಮೆ, ನೆಟ್ಟಗಿರುತ್ತೆ. ಕೊಂಬೆಗೆ ಒಣಗಿದ ಲಂಟಾನ ಪೊದೆಯ ರೆಂಬೆ ಸೇರಿಸಿ. ಎರಡನ್ನೂ ಬಿಸಿಲಿಗೆ ಚೆನ್ನಾಗಿ ಕಾಯಿಸಿದ ಮೇಲೇ ಹಲಗೆ ಮೇಲೆ ಇಡಿ, ಹಸಿ ಇದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದು ಪಕ್ಕದ ರಟ್ಟಿಗೂ ಹರಡುತ್ತೆ.